ರಂಗೋಲಿಯ ನಡುವಿನ 'ಚ'

"ಗುರುಗಳೇ, ಊರವರು ಒಂದು ಹೆಣ್ಣು ಮಗುವನ್ನು ಅಕ್ಷರ ಕಲಿಸಲೆಂದು ನನ್ನ ಬಳಿ ಬಿಟ್ಟಿದ್ದಾರೆ. ಅವಳು ಬರೆದದ್ದು ತಪ್ಪಿದಾಗಲೆಲ್ಲ ಮರಳು ಸವರಿ ಹೊಸದಾಗಿ ಬರೆಸುತ್ತೇನೆ. ಒಂದು ತಪ್ಪನ್ನೂ ಬಿಟ್ಟವನಲ್ಲ. ಆದರೂ ನನ್ನನ್ನು ಕಂಡರೆ ಕಂಬದ ಹಿಂದೆ ಅವಿತುಕೊಳ್ಳುತ್ತಾಳೆ. ಅವಳು ಸಂತೋಷದಿಂದ ಕಲಿಯುವಂತೆ ಮಾಡುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ಒಂದು ತಪ್ಪನ್ನೂ ಬಿಡದ ಮಹಾಶಯ, ಕುಳಿತುಕೋ. ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಳು. ರಂಗೋಲಿಯಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ತಪ್ಪಿದ ಎಳೆ ಹೊಸಿಲ ಮುಂದೆ ಉಳಿಯಬಾರದು, ಉಳಿದರೆ ಮನೆಗೆ ಒಳ್ಳೆಯದಲ್ಲ ಎಂಬುದು ಅವಳ ತವರಿನ ಕಟ್ಟುನಿಟ್ಟು. ಬೆರಳು ಕೂದಲೆಳೆಯಷ್ಟು ಜಾರಿದರೂ ಅವಳು ಎಲ್ಲವನ್ನೂ ಅಳಿಸಿ ಮತ್ತೆ ಚುಕ್ಕಿಯಿಟ್ಟು ಬರೆಯುತ್ತಿದ್ದಳು.

ಅವಳಿಗೆ ಒಬ್ಬಳು ಪುಟ್ಟ ಮಗಳು. ಆ ಮಗಳ ಕಿವಿ ಬಹಳ ಚುರುಕು. ದೋಸೆ ಹೊಯ್ದರೆ, "ಅಮ್ಮಾ, ಕಾವಲಿ 'ಸ' ಅಂತಿದೆ" ಎನ್ನುವಳು. ಒಗ್ಗರಣೆ ಸಿಡಿದರೆ, "ಸಾಸಿವೆ 'ಚ' ಅಂತು" ಎಂದು ಕುಣಿಯುವಳು. ತಾಯಿಗೆ ಹಿಗ್ಗೋ ಹಿಗ್ಗು. ಇಂಥ ಮಗಳಿಗೆ ಬರೆಯುವುದನ್ನೂ ಕಲಿಸಿಬಿಡೋಣ ಎಂದು ನೆಲದ ಮೇಲೆ ರಂಗೋಲಿ ಪುಡಿಯಿಂದ ಚುಕ್ಕಿಯಿಟ್ಟು, ಅವುಗಳ ಮೇಲೆ ಅಕ್ಷರ ಎಳೆಯಲು ಹೇಳಿದಳು. ಎಳೆಯ ಬೆರಳು, ಜಾರಿತು. ತಾಯಿ ಅಳಿಸಿದಳು. ಮತ್ತೆ ಜಾರಿತು, ಮತ್ತೆ ಅಳಿಸಿದಳು. ರಂಗೋಲಿಯ ಶಾಸ್ತ್ರವನ್ನು ಅಕ್ಷರಕ್ಕೂ ಹಚ್ಚಿದ್ದಳು, ಪಾಪ.

ಬರಬರುತ್ತ ಮಗಳು ಪುಡಿಯನ್ನು ಮುಟ್ಟದಾದಳು. ಆಮೇಲೆ ಸಾಸಿವೆ ಸಿಡಿದರೂ ಸುಮ್ಮನೆ ಕೂರತೊಡಗಿದಳು. ತಾಯಿ ಗದರಿದಳು, ಬೆಲ್ಲ ಕೊಟ್ಟು ರಮಿಸಿದಳು. ಜಪ್ಪಯ್ಯ ಎಂದರೂ ಮಗಳು ಬಾಯಿ ಬಿಡಲಿಲ್ಲ. ಕಲಿಸಲು ಹೋಗಿ, ತಾನಾಗಿ ಬಂದಿದ್ದನ್ನೂ ಕಳೆದೆನೇ ಎಂದು ತಾಯಿಗೆ ದಿಗಿಲಾಯಿತು.

ಸಂಕ್ರಾಂತಿ ಬಂತು. ಬೆಳಗ್ಗೆ ಅಂಗಳ ಸಾರಿಸಿ, ತಾಯಿ ರಂಗೋಲಿ ಬಟ್ಟಲನ್ನು ಹೊಸಿಲ ಬಳಿಯಿಟ್ಟು ನೀರಿಗೆ ಹೋದಳು. ಹಿಂತಿರುಗಿ ನೋಡಿದರೆ ಅಂಗಳದ ನಟ್ಟನಡುವೆ ಒಂದು 'ಚ'. ಅದರ ಹೊಟ್ಟೆ ಊದಿತ್ತು, ಬಾಲ ಬೀದಿಯ ಕಡೆಗೆ ಓಡಿತ್ತು. ಪಕ್ಕದಲ್ಲಿ ಮಗಳು ಕುಕ್ಕುರುಗಾಲಲ್ಲಿ ಕುಳಿತಿದ್ದಳು. ತಾಯಿಯನ್ನು ಕಂಡದ್ದೇ ತಡ, ಅಂಗೈಯನ್ನು ನೆಲಕ್ಕೆ ಚಾಚಿದಳು.

"ಬೈಬೇಡಮ್ಮಾ, ನಾನೇ ಅಳಿಸ್ತೀನಿ."

ಇಷ್ಟು ದಿನ ತಾನು ಮಗಳಿಗೆ ಕಲಿಸಿದ್ದು ಬರೆಯುವುದನ್ನಲ್ಲ, ಅಳಿಸುವುದನ್ನು ಎಂದು ತಾಯಿಗೆ ಆಗ ತಿಳಿಯಿತು. ಕೊಡವನ್ನು ಅಲ್ಲೇ ಇಳಿಸಿ ಮಗಳ ಕೈ ಹಿಡಿದುಕೊಂಡಳು. ಅಳು ಬಂತು, ಅತ್ತಳು. ಆಮೇಲೆ ಬಟ್ಟಲು ತೆಗೆದುಕೊಂಡು, ಆ ಅಕ್ಷರವನ್ನು ಮುಟ್ಟದೆ, ಅದರ ಸುತ್ತ ಬಳ್ಳಿ ಬರೆದಳು.

ಎಳ್ಳು ಬೀರಲು ಬಂದ ಹೆಂಗಸರು ಅಂಗಳದಲ್ಲೇ ನಿಂತರು. ಅವರಲ್ಲಿ ಹಿರಿಯಳೊಬ್ಬಳು ಮೂಗಿನ ಮೇಲೆ ಬೆರಳಿಟ್ಟು, "ಅಯ್ಯೋ, ಹಬ್ಬದ ದಿನವೇ ನಿನ್ನ ಎಳೆ ತಪ್ಪಿತಲ್ಲೇ!" ಎಂದಳು.

ತಾಯಿ ತಲೆಯೆತ್ತಿ ಹೇಳಿದಳು: "ತಪ್ಪಿಲ್ಲ ಅಜ್ಜಿ. ಅದು ನನ್ನ ಮಗಳು ಬರೆದ 'ಚ'. ಸುತ್ತ ಇರೋದು ಮಾತ್ರ ನಂದು. ತುಳೀದೆ ಬನ್ನಿ."

ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು, ಸುತ್ತು ಬಳಸಿ ಒಳಗೆ ಬಂದರು. ಮಗಳು ಬಾಗಿಲಲ್ಲಿ ಎದೆ ಸೆಟೆಸಿ ನಿಂತು, ಬಂದವರಿಗೆಲ್ಲ, "ಸಾಸಿವೆ ಹೇಳೋದು ಅದನ್ನೇ" ಎಂದು ತೋರಿಸಿದಳು. ರಂಗೋಲಿಗಾಗಿ ಊರೆಲ್ಲ ಹೊಗಳಿದಾಗಲೂ ತಾಯಿಗೆ ಅಂಥ ಹೆಮ್ಮೆ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಇನ್ನೂ ಆ ಅಕ್ಷರದ ಬಾಲದ ಮೇಲೆಯೇ ಇತ್ತು. "ಆದರೆ ಗುರುಗಳೇ, ಅಕ್ಷರ ಡೊಂಕಾಗಿಯೇ ಉಳಿಯಿತಲ್ಲ. ಅದನ್ನು ತಿದ್ದಿದವರು ಯಾರು?" ಎಂದ.

"ಮಗಳೇ ತಿದ್ದಿದಳು, ಮರುದಿನ. ತಾಯಿ ಅಳಿಸದೆ ಬಿಟ್ಟಿದ್ದರಿಂದ ತಿದ್ದಲು ಅವಳಿಗೊಂದು ಅಕ್ಷರವಿತ್ತು."