ಕೆಂಬೂತರಾಯ ಬರೆದುಕೊಂಡ ‘ಚೆನ್ನಾಗಿದೆ’

ಮಕ್ಕಳೇ, ಜೊಂಡುಕೆರೆಯ ದಂಡೆಯಲ್ಲಿ ಒಂದು ಬಯಲಿತ್ತು. ಸುತ್ತಲ ಪೊದೆಗಳಲ್ಲಿ ಮೊಲ, ಅಳಿಲು, ಆಮೆಗಳ ಸಂಸಾರ. ಗುಡ್ಡದಾಚೆಯ ಆನೆಗಳಿಗೆ ಇವರ ಮರಿಗಳ ಮೇಲೆ ಬಹಳ ಅಕ್ಕರೆ. “ಮರಿಗಳು ಆಡಬೇಕು, ಗಟ್ಟಿಯಾಗಬೇಕು” ಎಂದು ಒಂದು ಬೇಲದ ಕಾಯಿ ಉರುಳಿಸಿ, ಚೆಂಡಾಟ ಕಲಿಸಿ ಹೋಗಿದ್ದವು.

ಆನೆಗೇನು, ಬೇಲದ ಕಾಯಿ ಕಡಲೆಕಾಳಿಗೆ ಸಮ. ಒದ್ದ ಮರಿಗಳ ಕಾಲು ಮಾತ್ರ ಬಾತುಕೊಳ್ಳುತ್ತಿತ್ತು. ಸಣ್ಣವ್ವ ಎಂಬ ಮೊಲದ ಮಗಳು ಬೆಳ್ಳಿ ಆಗಲೇ ಕುಂಟುತ್ತಿದ್ದಳು. ಓಡಲಾರದ ಮೊಲ ಕಾಡಿನಲ್ಲಿ ಎಷ್ಟು ದಿನ ಬದುಕೀತು? ಸಣ್ಣವ್ವನಿಗೆ ಅದೇ ಚಿಂತೆ. ಆದರೆ ದೊಡ್ಡವರು ಕೊಟ್ಟ ಆಟವನ್ನು ಬೇಡ ಅನ್ನುವ ಧೈರ್ಯ ಯಾರಿಗಿತ್ತು?

ಒಂದು ಸಂಜೆ ರೆಕ್ಕೆಯಡಿ ತೇಗದ ಎಲೆ, ಕೊಕ್ಕಿನಲ್ಲಿ ಬರೆಯುವ ಮುಳ್ಳು ಹಿಡಿದು ಕೆಂಬೂತರಾಯ ಬಂದ.

“ಆಟ ಹೇಗೆ ನಡೀತಿದೆ ಅಂತ ತಿಳಿಯೋಕೆ ಆನೆಗಳು ಕಳಿಸಿವೆ. ಇದರಲ್ಲಿ ನೀವೆಲ್ಲ ಪಾಲ್ಗೊಳ್ಳಬೇಕು!”

ಸಣ್ಣವ್ವನ ಕಿವಿ ನೆಟ್ಟಗಾಯಿತು. ಪಾಲು! ಹೋದ ಬೇಸಿಗೆಯಲ್ಲಿ ಅವಳ ಹಿರಿಮಗ ನರಿಯ ಪಾಲಾಗಿದ್ದ. ಅಂದಿನಿಂದ ಆ ಮಾತು ಕೇಳಿದರೇ ಅವಳ ಎದೆ ಡವಡವ.

“ಮರಿಗಳು ಎಷ್ಟಿವೆ? ಯಾವಾಗ ಬರ್ತಾವೆ? ಯಾವ ದಾರೀಲಿ ಮನೆಗೆ ಹೋಗ್ತಾವೆ?” ಎಂದು ಕೆಂಬೂತರಾಯ ಕೇಳಿದ.

ಅಯ್ಯೋ, ಮಗನನ್ನು ಹೊತ್ತೊಯ್ಯುವ ಮುಂಚೆ ನರಿಯೂ ಇದನ್ನೇ ಕೇಳಿತ್ತಲ್ಲ! ಇವನ ಕಣ್ಣು ಬೇರೆ ಕೆಂಡದಷ್ಟು ಕೆಂಪು. ಸಣ್ಣವ್ವ ಪೊದೆಯಿಂದ ಪೊದೆಗೆ ಓಡಿದಳು.

“ಆಮೆ ಮಾವ, ಅಳಿಲಕ್ಕಾ, ಇವನು ನರಿ ಕಡೆಯವನು. ಏನು ಕೇಳಿದ್ರೂ ‘ಚೆನ್ನಾಗಿದೆ’ ಅಂದು ಸಾಗಹಾಕಿ.”

“ಅಲ್ಲವ್ವಾ, ಮರಿಗಳ ಕಾಲುನೋವು?” ಎಂದ ಆಮೆ ಮಾವ.

“ಮೊದಲು ಜೀವ ಉಳೀಲಿ ಮಾವ, ಕಾಲು ಆಮೇಲೆ!”

ಸರಿ, ಕೆಂಬೂತರಾಯ ಮನೆಮನೆಗೂ ಹೋದ.

“ಆಟ ಹೇಗಿದೆ?”

“ಚೆನ್ನಾಗಿದೆ.”

“ದಾರಿ ಯಾವುದು?”

“ಚೆನ್ನಾಗಿದೆ.”

ಕುಂಟುತ್ತಾ ಬಂದ ಬೆಳ್ಳಿಯನ್ನೂ ಕೇಳಿದ. ಅವಳು ಅಮ್ಮನ ಮುಖ ನೋಡಿ, ಕಣ್ಣೀರು ನುಂಗಿಕೊಂಡು, “ಚೆನ್ನಾಗಿದೆ” ಅಂದಳು. ರಾಯ ಎಲೆ ತುಂಬ ‘ಚೆನ್ನಾಗಿದೆ’ ಗೀಚಿಕೊಂಡು ಹೋದ. ಗೆದ್ದೆ ಎಂದು ಸಣ್ಣವ್ವ ಹಿಗ್ಗಿದಳು.

ಎಂಟನೆಯ ದಿನ ನೆಲ ಗುಡುಗುಡು ನಡುಗಿತು. ಆನೆಗಳು ಬಂದಿದ್ದವು, ಮೊದಲಿನದಕ್ಕಿಂತ ದಪ್ಪನೆಯ ಹತ್ತು ಬೇಲದ ಕಾಯಿ ಉರುಳಿಸಿಕೊಂಡು! ಜೊತೆಗೆ ಕೆಂಬೂತರಾಯ.

“ಎಲ್ಲರೂ ಚೆನ್ನಾಗಿದೆ ಅಂದಿರಂತೆ! ಇನ್ನು ಮರಿಗಳು ಸಂಜೆಯಷ್ಟೇ ಅಲ್ಲ, ಬೆಳಿಗ್ಗೆಯೂ ಆಡಲಿ” ಎಂದಿತು ದೊಡ್ಡಾನೆ.

ಬೆಳ್ಳಿ ಅಮ್ಮನ ಹಿಂದೆ ಅವಿತುಕೊಂಡಳು. ತನ್ನ ಮಗಳ ಕಾಲ ಮೇಲೆ ತಾನೇ ಕಲ್ಲು ಹಾಕಿದೆನಲ್ಲ ಎಂದುಕೊಂಡಳು ಸಣ್ಣವ್ವ. ಮುಂದೆ ಬಂದೇಬಿಟ್ಟಳು.

“ರಾಯರೇ, ನನ್ನ ಮಗು ಕುಂಟೋದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?”

“ಬಿತ್ತಮ್ಮ. ಆದ್ರೆ ಹೇಳಿದ್ದನ್ನಷ್ಟೇ ಬರೆಯೋದು ನಮ್ಮ ಪದ್ಧತಿ.”

“ದಾರಿ ಯಾಕೆ ಕೇಳಿದ್ರಿ?”

“ದೂರದಿಂದ ಬರೋ ಮರಿಗಳಿಗೆ ಆಯಾಸ ಆಗುತ್ತೇನೋ ಅಂತ.”

“ಅದನ್ನ ಮೊದಲೇ ಹೇಳೋಕೆ ಏನಾಗಿತ್ತು? ಸರಿ, ನಮ್ಮನ್ನ ಪಾಲ್ಗೊಳ್ಳಿ ಅಂದ್ರಿ. ನೀವೂ ಪಾಲ್ಗೊಳ್ಳಿ. ಒದೀರಿ ನೋಡೋಣ!”

ಆನೆಗಳ ಮುಂದೆ ಇಲ್ಲ ಅನ್ನಲಾದೀತೇ? ಕೆಂಬೂತರಾಯ ಪುಕ್ಕ ಕೆದರಿ, ಓಡಿ ಬಂದು ಒದ್ದ. ಕಾಯಿ ಮಿಸುಕಲಿಲ್ಲ. ರಾಯ ಒಂದೇ ಕಾಲಲ್ಲಿ ಬಯಲೆಲ್ಲ ಕುಪ್ಪಳಿಸಿದ.

“ಹೇಗಿದೆ ರಾಯರೇ?” ಮರಿಗಳೆಲ್ಲ ಕೂಗಿದವು.

“ಚೆ... ಚೆ... ಚೆನ್ನಾಗಿಲ್ಲ!”

“ಅದನ್ನ ಬರ್ಕೊಳ್ಳಿ” ಎಂದಳು ಸಣ್ಣವ್ವ.

ಆನೆಗಳು ನಾಚಿ, ಬೂರುಗದ ಹತ್ತಿಯ ಚೆಂಡು ಮಾಡಿಸಿಕೊಟ್ಟವು. ಬೆಳ್ಳಿಯ ಕಾಲು ವಾಸಿಯಾಯಿತು. ಆದರೂ ಮರಿಗಳು ಮನೆಗೆ ಹೋಗುವ ದಾರಿಯನ್ನು ಸಣ್ಣವ್ವ ಇವತ್ತಿಗೂ ಯಾರಿಗೂ ಹೇಳಿಲ್ಲ.

ನೀತಿ: ಅನುಮಾನ ಬಂದರೆ ಎದುರಿಗೇ ಕೇಳಬೇಕು, ಹೆದರಿ ಹೇಳಿದ ‘ಚೆನ್ನಾಗಿದೆ’ ತಿರುಗಿ ನಮ್ಮ ಕಾಲ ಮೇಲೇ ಬೀಳುತ್ತದೆ.