ಮುಸುರೆ ಬಕೆಟ್ಟಿನ ತುತ್ತು

ಬರೆದು ಅಭ್ಯಾಸವಿಲ್ಲದವನು ನಾನು. ಪೂಜ್ಯ ಚನ್ನವೃಷಭ ಅಜ್ಜನವರ ಈ ಪ್ರಸಂಗವನ್ನು ಕೆಡಿಸಿ ಹೇಳಿದರೆ ಭಕ್ತರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಗದಗಿನ ಖಾನಾವಳಿ ಸಾಲಿನ ಹಿಂದೆ, ತಗಡಿನ ಶೆಡ್ಡಿನಲ್ಲಿ ಅಜ್ಜನವರು ವಾಸವಾಗಿದ್ದರು. ಖಾನಾವಳಿಗಳಲ್ಲಿ ಉಳಿದ ಅನ್ನ, ಸಾರು, ತರಕಾರಿ ಸಿಪ್ಪೆ ಬಕೆಟ್‌ಗಳಲ್ಲಿ ಅಲ್ಲಿಗೆ ಬರುತ್ತಿದ್ದವು. ಇದಕ್ಕೆ ಮುಸುರೆ ಎನ್ನುತ್ತಾರೆ. ಅಜ್ಜನವರು ಕೆಡದಿರುವುದನ್ನು ಓಣಿಯ ದನಗಳಿಗೆ ಕೊಟ್ಟು, ಕೆಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಬೇರ್ಪಡಿಸುವುದು ಕೈಯಿಂದಲೇ. ಏಕೆಂದರೆ ಅನ್ನದಲ್ಲಿ ಅಡಗಿದ ಪ್ಲಾಸ್ಟಿಕ್ ಚೂರು ಬೆರಳಿಗೆ ತಿಳಿಯುತ್ತದೆ, ಸಲಿಕೆಗೆ ತಿಳಿಯುವುದಿಲ್ಲ.

ಒಂದು ಮುಂಜಾನೆ ನೀಲವ್ವ ಎಂಬ ವಿಧವೆ ಎದೆ ಬಡಿದುಕೊಳ್ಳುತ್ತ ಬಂದರು. ಹಿಂದಿನ ಸಂಜೆಯ ಮುಸುರೆ ತಿಂದು ಅವರ ಒಂದೇ ಎಮ್ಮೆ ಸತ್ತಿತ್ತು. ತಿಂಗಳ ಕರು ಉಳಿದಿತ್ತು. ಅವರು ಹಾಲು ಮಾರಿ ಬದುಕುವವರು ಎಂಬುದನ್ನೂ ಹೇಳಬೇಕು.

ಆಗಲೇ ತಮ್ಮ ಬಕೆಟ್ ಒಯ್ಯಲು ಖಾನಾವಳಿಯ ವಿರೂಪಣ್ಣನವರು ಬಂದರು. "ಮುಸುರ್‍ಯಾಗ ದೇವರು ಸಿಕ್ಕನೇನ್ರಿ ಅಜ್ಜಾರ?" ಎಂದು ದಿನವೂ ನಗುವವರು. ಅಂದು ನಗಲಿಲ್ಲ. "ಮುದಿ ಎಮ್ಮಿ ಬೇ, ಸಾಯೂದಽ ಇತ್ತು" ಎಂದರು.

"ಎರಡನೇ ಸೂಲಿಂದೋ ಅದು! ನಿನ್ನ ಬಾಯಾಗ ಮಣ್ಣು ಬೀಳ್ಲಿ!" ಎಂದು ನೀಲವ್ವ ಚೀರಿದರು.

ಅಜ್ಜನವರು ಯಾರನ್ನೂ ವಿಚಾರಿಸಲಿಲ್ಲ. ಐದು ಬಕೆಟ್‌ಗಳ ತಳದಲ್ಲಿ ನಿನ್ನೆಯ ಅನ್ನ ಅಂಟಿಕೊಂಡಿತ್ತು. ಒಂದೊಂದರಿಂದ ಒಂದೊಂದು ತುತ್ತು ತೆಗೆದು ತಿನ್ನತೊಡಗಿದರು. "ನಾ ಉಣಿಸಿದ್ದನ್ನ ನಾನೂ ಉಣಬೇಕಲ್ಲ" ಎಂದರಷ್ಟೆ. ತಪ್ಪು ಮಾಡಿದವನನ್ನು ಹಿಡಿಯುವ ಉಪಾಯ ಅದಾಗಿರಲಿಲ್ಲ ಎಂದು ನನ್ನ ನಂಬಿಕೆ.

ನಾಲ್ಕು ಮುಗಿದವು. ಐದನೆಯದಕ್ಕೆ ಕೈ ಹಾಕಿದಾಗ ವಿರೂಪಣ್ಣನವರು ಹಾರಿ ಆ ಕೈ ಹಿಡಿದರು.

"ಬ್ಯಾಡ್ರಿ ಅಜ್ಜಾರ! ಇಲಿಗೆ ಪಾಷಾಣ ಕಲಸಿಟ್ಟ ಅನ್ನ ಐತಿ ಅದರಾಗ. ಹೆಂಗೂ ಚೆಲ್ಲೂದಽ ಐತಲ್ಲ ಅಂತ ನಾನಽ ಸುರುವಿದೆ. ಅದು ದನಕ್ಕ ಹೋಗತೈತಿ ಅನ್ನೂದು ಎಮ್ಮಿ ಬಾಯಿ ಹಾಕೂ ಮೊದಲಽ ನೆನಪಾತು. ಹೇಳಾಕ ನಾಚಿಕಿ ಬಂತ್ರಿ."

ಅಜ್ಜನವರು ಕೇಳಿದರು: "ನನ್ನ ತಡದಿ. ಅದನ್ನ ಯಾಕ ತಡೀಲಿಲ್ಲಪಾ?"

ವಿರೂಪಣ್ಣನವರು ಮುಸುರೆ ಚೆಲ್ಲಿದ ನೆಲದಲ್ಲೇ ಕುಳಿತರು.

ಅಂದಿನಿಂದ ಬೇರ್ಪಡಿಸುವ ಕೆಲಸ ಅವರದು. ಅಜ್ಜನವರು ಲಿಂಗೈಕ್ಯರಾದ ಮೇಲೂ ಬಿಟ್ಟಿಲ್ಲ. ಆ ಕರು ಈಗ ಎಮ್ಮೆಯಾಗಿದೆ. ಅದರ ಮುಸುರೆಯನ್ನು ಅವರೇ ಹೊತ್ತೊಯ್ಯುತ್ತಾರೆ. ನೀಲವ್ವನವರು ಬಕೆಟ್ ತೆಗೆದುಕೊಳ್ಳುತ್ತಾರೆ, ಮಾತಾಡುವುದಿಲ್ಲ. ಇದನ್ನು ಕ್ಷಮೆ ಎಂದು ಭಕ್ತರು ತಿಳಿಯಬಾರದು. ಕ್ಷಮೆಗೂ ಇದಕ್ಕೂ ಇರುವ ವ್ಯತ್ಯಾಸವೇನೆಂದರೆ... ತಡೆಯಿರಿ, ಗುಂಡಿಯ ಕಡೆಯಿಂದ ವಿರೂಪಣ್ಣನವರು ಕೂಗುತ್ತಿದ್ದಾರೆ. ಅವರಿಗೆ ವಯಸ್ಸಾಯಿತು, ಬಕೆಟ್ಟನ್ನು ಒಬ್ಬರೇ ಎತ್ತಿ ತಲೆಗೇರಿಸಲಾಗುವುದಿಲ್ಲ.