ಸೇತುವೆಯ ಮೇಲೆ ನಿಂತು ಜರೆದವಳು

ಸೋಬಾನೆ ಕಲಿಸುವ ದ್ಯಾವಮ್ಮಜ್ಜಿಯನ್ನು ಶಿಷ್ಯೆ ಕೋಮಲ ಕೇಳಿದಳು:

"ಅಜ್ಜಿ, ನಾಳೆ ಅಣ್ಣನ ಮದುವೆಯಲ್ಲಿ ಬೀಗರನ್ನು ಜರೆಯುವ ಹಾಡು ಬೇಡವಂತೆ. ಅದು ಬೈಗುಳ, ಮರ್ಯಾದಸ್ಥರಿಗೆ ಸಲ್ಲದು ಎಂದು ಬೀಗರೇ ಹೇಳಿಕಳಿಸಿದ್ದಾರೆ. ಕಾಲೇಜಿನಲ್ಲಿ ನಾನು ಓದುವ ಇಂಗ್ಲಿಷ್ ಪದ್ಯದ ಛಂದಸ್ಸಿನ ನಡೆಗಳಿಗೆ ಎಂಥೆಂಥ ಹೆಸರು! ಡ್ಯಾಕ್ಟಿಲ್ ಅಂದರೆ ಬೆರಳು, ಟ್ರೋಕಿ ಅಂದರೆ ಓಟ. ಗ್ರೀಕರು ಇಟ್ಟದ್ದು, ಲ್ಯಾಟಿನ್ನಿನವರು ಉಳಿಸಿಕೊಂಡದ್ದು. ಅಯಾಂಬ್ ಅನ್ನುವ ನಡೆಯೊಂದು ಮಾತ್ರ ಜರೆಯುವ ಹಾಡಿನಿಂದ ಬಂತಂತೆ. ಮೇಷ್ಟ್ರು ಅದನ್ನು ಬೇಗ ದಾಟಿಸಿಬಿಟ್ಟರು. ನಮ್ಮ ಹಾಡನ್ನು ಬಿಟ್ಟುಬಿಡಲೇ?"

ಅಜ್ಜಿ ದನಿ ತಗ್ಗಿಸಿದಳು. "ದಾಟಿಸಿಬಿಟ್ಟರೇ? ಬಾಗಿಲು ಮುಂದೆ ಮಾಡು. ಇದು ನಿನ್ನ ಕಿವಿಗೆ ಮಾತ್ರ. ಹೊರಗೆ ಬಿಟ್ಟೆಯೋ, ನಿನ್ನ ಮೇಲೂ ಒಂದು ಹಾಡು ಕಟ್ಟುತ್ತೇನೆ."

ಆಮೇಲೆ ಹೇಳಿದಳು.

ಗ್ರೀಕರ ನಾಡಿನಲ್ಲಿ ಒಬ್ಬ ಮುದುಕಿ. ಅಲ್ಲೊಂದು ಪದ್ಧತಿ. ಹಬ್ಬದ ದಿನ ಹೆಂಗಸರು ಸೇತುವೆಯ ಮೇಲೆ ನಿಂತು ಹೋಗಿಬರುವವರನ್ನು ಜರೆಯಬೇಕು. ಜರೆಸಿಕೊಂಡವನು ತಲೆ ಬಗ್ಗಿಸಿ ಹೋಗಬೇಕು. ಒಬ್ಬ ವ್ಯಾಪಾರಿ ಬಂದ. ಅವನು ಮಾರುವ ದ್ರಾಕ್ಷಾರಸದಲ್ಲಿ ನೀರೆಷ್ಟು, ಸಂಜೆಯಾದರೆ ಅವನು ನುಸುಳುವ ಓಣಿ ಯಾವುದು, ಮುದುಕಿ ಎಲ್ಲ ಹಾಡಿದಳು. ಹಾಡಿನ ನಡೆ ಒಂದು ಹಗುರ ಹೆಜ್ಜೆ, ಒಂದು ಭಾರದ ಹೆಜ್ಜೆ. ಊರು ನಕ್ಕಿತು.

ವ್ಯಾಪಾರಿ ಊರ ಹಿರಿಯರಿಗೆ ದೂರು ಕೊಟ್ಟ. "ತಪ್ಪಾಯಿತು ಅನ್ನು, ಇಲ್ಲವೇ ಸೇತುವೆ ಹತ್ತಬೇಡ" ಎಂದರು ಹಿರಿಯರು.

"ಸುಳ್ಳು ಹಾಡಿದ್ದರೆ ಅನ್ನುತ್ತಿದ್ದೆ" ಎಂದಳು ಮುದುಕಿ.

ಸೇತುವೆ ತಪ್ಪಿತು. ಅವಳು ತನ್ನ ಹೊಸಿಲಿನಲ್ಲೇ ಕೂತು ಹಾಡಿದಳು.

ವ್ಯಾಪಾರಿ ಇನ್ನೂ ಕೊಬ್ಬಿದ. ಹೊಗಳಿಕೆಯ ಹಸಿವು ಹಿಡಿಯಿತು. ಕವಿಯೊಬ್ಬನನ್ನು ಕರೆಸಿ ತನ್ನ ಮೇಲೆ ಪದ್ಯ ಕಟ್ಟಿಸಿದ. ಊರನ್ನೆಲ್ಲ ಕೂರಿಸಿ ಹೇಳಿಸಿದ. ಅದೇ ಹಗುರ ಹೆಜ್ಜೆ, ಅದೇ ಭಾರದ ಹೆಜ್ಜೆ. ವ್ಯಾಪಾರಿ ತಲೆದೂಗಿದ. "ಎಂಥ ಗಂಭೀರ ನಡೆ! ಯಾವ ಪಂಡಿತರದು?"

ಕವಿ ಪ್ರಾಮಾಣಿಕನೋ ಪೆದ್ದನೋ, ಆ ದೇವರೇ ಬಲ್ಲ. "ಪಂಡಿತರದಲ್ಲ ಒಡೆಯಾ, ಸೇತುವೆಯ ಹೆಂಗಸರದು. ಅಯಾಂಬ್ ಅನ್ನುತ್ತಾರೆ" ಎಂದುಬಿಟ್ಟ.

ಯಾರೂ ನಗಲಿಲ್ಲ. ಊರಿಗೆಲ್ಲ ಒಮ್ಮೆಗೇ ಕೆಮ್ಮು ಬಂತು.

ಇಷ್ಟು ಹೇಳಿ ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತಳು.

"ಮುದುಕಿಗೆ ಮತ್ತೆ ಸೇತುವೆ ಕೊಟ್ಟರೇ?" ಎಂದು ಕೋಮಲ ಕೇಳಿದಳು.

"ಕೊಡಲಿಲ್ಲ. ಮರುದಿನ ಪಕ್ಕದ ಮನೆಯವಳು, ಅದೇ ವ್ಯಾಪಾರಿಯ ಹೆಂಡತಿ, ಬಂದು ಮುದುಕಿಯ ಮುಖಕ್ಕೇ ಅಂದಳು: 'ನನ್ನ ಗಂಡನ ಬಗ್ಗೆ ನೀನು ಹಾಡಿದ್ದು ಅರ್ಧ ಮಾತ್ರ, ಬರುವ ಹಬ್ಬಕ್ಕೆ ಸೇತುವೆಗೆ ನಾನೂ ಬರುತ್ತೇನೆ, ನಮ್ಮಿಬ್ಬರನ್ನು ಇಳಿಸುವವನು ಯಾವನೋ ನೋಡೋಣ.'"